ಹಳೇ ಪೋರ್ಷೆ 911: ಯಾವ ತಲೆಮಾರಿನಲ್ಲಿ ಏನು ನೋಡಬೇಕು

ಹೊರಗಿನ ರೂಪ ನೋಡಿ 911ರ ವಯಸ್ಸು ಹೇಳಲು ಹೋಗಬೇಡಿ. ಎಂಬತ್ತರ ದಶಕದ ಗಾಡಿಗೆ ತೆಳು ಬಂಪರ್ ಕೂರಿಸಿ 1973ರ ಗಾಡಿಯಂತೆ ಕಾಣಿಸುವುದು ಮಾಮೂಲು. ಮುಂದಿನ ಡಿಕ್ಕಿ ತೆರೆದು, ಕಾರ್ಪೆಟ್ ಎತ್ತಿ, ಪೆಟ್ರೋಲ್ ಟ್ಯಾಂಕ್ ಹತ್ತಿರ ತಗಡಿನ ಮೇಲೆ ಕೊರೆದ ಚಾಸಿ ನಂಬರ್ ಓದಿ. 1981ರ ಮಾಡೆಲ್‌ನಿಂದ ಅದರಲ್ಲಿ 17 ಅಕ್ಷರಗಳು. ಹತ್ತನೆಯದು ಮಾಡೆಲ್ ವರ್ಷ. ಬಿ ಎಂದರೆ 1981, ಇ ಎಂದರೆ 1984, ಕೆ ಎಂದರೆ 1989. ಆಮೇಲೆ ಹಿಂದೆ ಬಂದು ಎಂಜಿನ್ ಫ್ಯಾನಿನ ಬಲಕ್ಕಿರುವ ನಂಬರ್ ನೋಡಿ. ಎರಡೂ ಒಂದೇ ಕಾಲದವಲ್ಲದಿದ್ದರೆ ಎಂಜಿನ್ ಬದಲಾಗಿದೆ. ಅದೇನೂ ಅಪರಾಧವಲ್ಲ, ಆದರೆ ಬೆಲೆ ಮಾತಾಡುವ ಮೊದಲೇ ಗೊತ್ತಿರಬೇಕು.

1963ರಲ್ಲಿ 901 ಎಂದು ತೋರಿಸಿದ ಗಾಡಿಗೆ, ಮಧ್ಯದಲ್ಲಿ ಸೊನ್ನೆ ಇರುವ ಮೂರಂಕಿ ಹೆಸರು ತಮ್ಮದೆಂದು ಪ್ಯೂಜೋ ತಕರಾರು ತೆಗೆದದ್ದರಿಂದ, 911 ಎಂದು ಹೆಸರಾಯಿತು. 2.0 ಲೀಟರ್, ಗಾಳಿಯಿಂದ ತಣಿಯುವ ಎಂಜಿನ್, 130 ಎಚ್‌ಪಿ. ಎಂಜಿನ್ ಭಾರ ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ ಇದ್ದುದರಿಂದ ತಿರುವಿನಲ್ಲಿ ಏಕಾಏಕಿ ಆಕ್ಸಿಲರೇಟರ್ ಬಿಟ್ಟರೆ ಹಿಂಭಾಗ ಹೊರಕ್ಕೆ ಜಾರುತ್ತಿತ್ತು. 1969ರ ಮಾಡೆಲ್‌ನಲ್ಲಿ ಎಂಜಿನ್ ಇದ್ದಲ್ಲೇ ಇಟ್ಟು ಹಿಂದಿನ ಚಕ್ರಗಳನ್ನು 57 ಮಿ.ಮೀ. ಹಿಂದಕ್ಕೆ ಸರಿಸಿದರು. ಗುರುತು ಹಿಡಿಯುವುದು ಸುಲಭ: ಮುಂದೆ ಎರಡೂ ಮೂಲೆಯಲ್ಲಿ ಒಂದೊಂದು ಬ್ಯಾಟರಿ ಇದ್ದರೆ ಅದು 1969ರಿಂದ 1973ರ ನಡುವಿನದು. ಬಲ ಬಾಗಿಲ ಹಿಂದೆ ಇನ್ನೊಂದು ಮುಚ್ಚಳ ಕಂಡರೆ 1972ರದು. ಅದು ಎಂಜಿನ್ ಆಯಿಲ್ ಹಾಕುವ ಜಾಗ. ಅದಕ್ಕೇ ಪೆಟ್ರೋಲ್ ಸುರಿದುಬಿಟ್ಟವರಿದ್ದರು. ಮರುವರ್ಷವೇ ಆ ಮುಚ್ಚಳ ಮಾಯವಾಯಿತು.

ಈ ಕಾಲದ ಗಾಡಿಯಲ್ಲಿ ಎಂಜಿನ್‌ಗಿಂತ ತುಕ್ಕಿನ ಖರ್ಚೇ ಜಾಸ್ತಿ. ಬಾಡಿ ಪೂರ್ತಿ ಸತು ಲೇಪನದ ತಗಡಿನದಾದದ್ದು 1976ರ ಮಾಡೆಲ್‌ನಿಂದ. ಬ್ಯಾಟರಿ ತಳ, ಬಾಗಿಲ ಕೆಳಗಿನ ಪಟ್ಟಿಯ ಎರಡು ತುದಿ, ಬಾಗಿಲ ಲಾಕ್ ಕೂರುವ ಕಂಬದ ಬುಡ, ಮುಂದಿನ ಗಾಜಿನ ರಬ್ಬರಿನ ಅಂಚು, ಇಷ್ಟು ಕಡೆ ತೆಳು ಬಟ್ಟೆ ಸುತ್ತಿದ ಆಯಸ್ಕಾಂತ ಓಡಿಸಿ. ಹಿಡಿಯದೆ ಜಾರಿದರೆ ಪೇಂಟ್ ಕೆಳಗಿರುವುದು ಪುಟ್ಟಿ.

1974ರಿಂದ 1989ರವರೆಗೆ ದಪ್ಪ ಬಂಪರ್, ಅದರ ಎರಡು ಕಡೆ ಹಾರ್ಮೋನಿಯಂ ತಿದಿಯಂಥ ಕಪ್ಪು ರಬ್ಬರ್. ರೂಪ ಒಂದೇ, ಎಂಜಿನ್ ಮೂರು. 1974–77ರ 2.7 ಲೀಟರ್ ಎಂಜಿನ್‌ನ ಕೇಸ್ ಮೆಗ್ನೀಷಿಯಂನದು. ಬಿಸಿಗೆ ಹೆಡ್ ಸ್ಟಡ್‌ಗಳ (ಸಿಲಿಂಡರ್ ಹೆಡ್ ಬಿಗಿಹಿಡಿಯುವ ಉದ್ದ ಕಡ್ಡಿಗಳು) ಮರೆ, ಅಂದರೆ ಕೇಸ್‌ನಲ್ಲಿ ಅವು ತಿರುಗಿ ಕೂರುವ ಥ್ರೆಡ್, ಕಿತ್ತುಬರುತ್ತದೆ. 1978ರ ಎಸ್‌ಸಿ ಎಂಬ ಮಾಡೆಲ್‌ಗೆ 3.0 ಲೀಟರ್, ಅಲ್ಯೂಮಿನಿಯಂ ಕೇಸ್. ಅಲ್ಲಿ ಮರೆ ಗಟ್ಟಿ, ಆದರೆ ಸ್ಟಡ್ಡೇ ತುಂಡಾಗುತ್ತದೆ. ಕೆಳಗಿನ ವಾಲ್ವ್ ಕವರ್ ಬಿಚ್ಚಿದಾಗ ಒಂದು ನಟ್ಟು ತುಂಡು ಕಡ್ಡಿ ಸಮೇತ ಅಂಗೈಗೆ ಬಿದ್ದರೆ ಎಂಜಿನ್ ಇಳಿಸಬೇಕೆಂದೇ ಅರ್ಥ.

ಕವರ್ ಹೇಗೂ ಬಿಚ್ಚಿದ್ದೀರಿ, ವಾಲ್ವ್ ಗ್ಯಾಪ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು) ಕೂಡ ನೋಡಿಬಿಡಿ. ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಲಿ. ಇನ್‌ಲೆಟ್, ಎಕ್ಸಾಸ್ಟ್ ಎರಡಕ್ಕೂ 0.10 ಮಿ.ಮೀ. ಒಂದನೇ ಸಿಲಿಂಡರ್ ಕಂಪ್ರೆಷನ್ ತುದಿಯಲ್ಲಿರುವಂತೆ ಪುಲ್ಲಿಯ ಜೆಡ್1 ಗೆರೆ ಸೇರಿಸಿ ಅದರ ಎರಡು ವಾಲ್ವ್ ಹೊಂದಿಸಿ. ಆಮೇಲೆ 120 ಡಿಗ್ರಿಯಂತೆ ತಿರುಗಿಸುತ್ತಾ 6, 2, 4, 3, 5 ಕ್ರಮದಲ್ಲಿ ಮುಂದುವರಿಯಿರಿ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತುಸು ಹಿಡಿದೆಳೆದಂತೆ ಸರಿಯಬೇಕು, ಸಲೀಸಾಗಿ ಅಲ್ಲ. ಗ್ಯಾಪ್ ಜಾಸ್ತಿಯಾದರೆ ಟಕಟಕ ಸದ್ದು ಬಂದು ಎಚ್ಚರಿಸುತ್ತದೆ. ಕಡಿಮೆಯಾದರೆ ಸದ್ದೇ ಇಲ್ಲದೆ ವಾಲ್ವ್ ಸುಟ್ಟುಹೋಗುತ್ತದೆ, ಭಯಪಡಬೇಕಾದ್ದು ಅದಕ್ಕೆ.

ಎಸ್‌ಸಿಯ ಇನ್ನೊಂದು ರೋಗ ಟೈಮಿಂಗ್ ಚೈನ್ ಬಿಗಿಯಾಗಿಡುವ ಟೆನ್ಷನರ್. ಒಳಗಿನ ಆಯಿಲ್ ಸೋರಿ ಸಡಿಲವಾದರೆ ಚೈನ್ ಹಲ್ಲು ಹಾರಿ, ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ. 1984ರ 3.2 ಕರೇರಾದಲ್ಲಿ ಟೆನ್ಷನರ್‌ಗೆ ಎಂಜಿನ್ನಿನ ಆಯಿಲ್ ಒತ್ತಡವನ್ನೇ ಕೊಟ್ಟರು. ಎಸ್‌ಸಿಯ ಚೈನ್ ಕವರ್‌ಗೆ ತೆಳ್ಳನೆಯ ಆಯಿಲ್ ಪೈಪ್ ಬಂದು ಸೇರಿದ್ದರೆ ಹಿಂದಿನವರು ಈ ಕೆಲಸ ಮಾಡಿಸಿದ್ದಾರೆ. ಆಯ್ಕೆ ಇದ್ದರೆ 1987ರ ನಂತರದ 3.2 ನೋಡಿ: ಜಿ50 ಗೇರ್‌ಬಾಕ್ಸ್, ಹೈಡ್ರಾಲಿಕ್ ಕ್ಲಚ್, ಗೇರ್ ಹುಡುಕಾಡುವ ತೊಂದರೆ ಕಡಿಮೆ.

ಗಾಳಿ ತಂಪಿನ ಎಲ್ಲ ಗಾಡಿಗಳಿಗೂ ಒಂದು ಮಾತು: ಆಯಿಲ್ ಅಳೆಯುವುದು ಎಂಜಿನ್ ಪೂರ್ತಿ ಬಿಸಿಯಾಗಿ, ಸಮತಟ್ಟು ನೆಲದಲ್ಲಿ, ಐಡಲ್‌ನಲ್ಲಿ ಓಡುತ್ತಿರುವಾಗಲೇ. ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ. ತಣ್ಣಗಿದ್ದಾಗ ಕಡಿಮೆ ಕಂಡಿತೆಂದು ಸುರಿದರೆ ಹೆಚ್ಚಾದದ್ದು ಏರ್ ಫಿಲ್ಟರ್ ಕಡೆ ಹೋಗಿ ಹೊಗೆಯ ಮೋಡ ಏಳುತ್ತದೆ.

ಮುಂದಿನ ತಲೆಮಾರುಗಳನ್ನು ಪೋರ್ಷೆಯ ಕೋಡ್ ನಂಬರಿನಿಂದಲೇ ಕರೆಯುತ್ತಾರೆ. 964 (1989–94) ಹೊರಗೆ ಹಳೆಯದು, ಒಳಗೆ ಬಹುಪಾಲು ಹೊಸದು: ಸಸ್ಪೆನ್ಷನ್‌ನಲ್ಲಿ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು) ಬದಲು ಕಾಯಿಲ್ ಸ್ಪ್ರಿಂಗ್, ಪವರ್ ಸ್ಟಿಯರಿಂಗ್, ಎಬಿಎಸ್. ಮೊದಮೊದಲ ಗಾಡಿಗಳಲ್ಲಿ ಸಿಲಿಂಡರ್ ಮತ್ತು ಹೆಡ್ ನಡುವೆ ಗ್ಯಾಸ್ಕೆಟ್ ಇಲ್ಲ, ಆಯಿಲ್ ಸೋರುತ್ತದೆ. ಎರಡು ಡಿಸ್ಟ್ರಿಬ್ಯೂಟರ್‌ಗಳನ್ನು ಒಂದು ಸಣ್ಣ ಬೆಲ್ಟ್ ಜೋಡಿಸುತ್ತದೆ. ಎರಡನೆಯದರ ಕ್ಯಾಪ್ ತೆಗೆದು ರೋಟರ್ ತಿರುಗಿಸಿ. ಬೆರಳಿಗೆ ಸಲೀಸಾಗಿ ಸುತ್ತಿದರೆ ಬೆಲ್ಟ್ ಹರಿದಿದೆ. 993 ಗಾಳಿ ತಂಪಿನ ಕೊನೆಯದು. ಹೊಸ ಮಲ್ಟಿಲಿಂಕ್ ಹಿಂಬದಿ ಸಸ್ಪೆನ್ಷನ್ ಬಂದ ಮೇಲೆ ತಿರುವಿನ ಹಳೇ ಭಯ ಬಹಳಷ್ಟು ಇಳಿಯಿತು. ವಾಲ್ವ್ ಗ್ಯಾಪ್ ಕೆಲಸವೂ ತಪ್ಪಿತು.

996ರಲ್ಲಿ ನೀರಿನಿಂದ ತಣಿಯುವ ಎಂಜಿನ್ ಬಂತು, ಜೊತೆಗೆ ಐಎಂಎಸ್ ಬೇರಿಂಗಿನ ತಲೆನೋವೂ ಬಂತು. ಕ್ಯಾಮ್ ಚೈನ್ ಓಡಿಸುವ ನಡುವಿನ ಶಾಫ್ಟಿನ ಈ ಬೇರಿಂಗ್ ಸೀಲ್ ಮಾಡಿದ್ದು. ಒಳಗಿನ ಗ್ರೀಸ್ ತೊಳೆದುಹೋದರೆ ಸವೆದು, ಟೈಮಿಂಗ್ ತಪ್ಪಿ, ಎಂಜಿನ್ ಪೂರ್ತಿ ಹೋಗುತ್ತದೆ. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಿದಾಗಲೇ ಇದನ್ನೂ ಬದಲಿಸಿ. ಕೊಳ್ಳುವ ಮುನ್ನ ಆಯಿಲ್ ಫಿಲ್ಟರಿನ ಪೇಪರ್ ಕತ್ತರಿಸಿ, ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮಿನುಗುವ ಚೂರು ಆಯಸ್ಕಾಂತಕ್ಕೆ ಅಂಟಿದರೆ ಅದು ಉಕ್ಕು, ಬೇರಿಂಗಿನ ಮೇಲೇ ಮೊದಲ ಅನುಮಾನ. ಟರ್ಬೊ, ಜಿಟಿ3 ಎಂಜಿನ್ ಬೇರೆ ವಂಶದವು, ಅವಕ್ಕೆ ಈ ಕಾಟವಿಲ್ಲ. 2009ರ ಮಾಡೆಲ್‌ನ 997ಕ್ಕೆ ಬಂದ ಹೊಸ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. ಅದಕ್ಕಿಂತ ಹಿಂದಿನ 997 ಆದರೆ ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರ್ ಒಳಗೆ ಕ್ಯಾಮೆರಾ ಇಳಿಸಿ ಗೋಡೆಯ ಗೀರು ನೋಡದೆ ಮುಂಗಡ ಕೊಡಬೇಡಿ.