ದಾವಣಗೆರೆಯ ಹಿತ್ತಲಲ್ಲಿ ಆಕ್ಟೇವಿಯಾ ಆರ್‌ಎಸ್‌ಗೆ ದೊಡ್ಡ ಟರ್ಬೊ ಕೂರಿಸಿದ್ದು: ನನ್ನ ಅನುಭವ

ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ನೋಡಿದವರಿಗೆ ಅದರ ಎಂಜಿನ್ ಗೊತ್ತಿರುತ್ತದೆ. 1781 ಸಿಸಿ, ಸಿಲಿಂಡರಿಗೆ ಐದರಂತೆ 20 ವಾಲ್ವು, ಎರಕದ ಕಬ್ಬಿಣದ ಬ್ಲಾಕ್. ನಮ್ಮಲ್ಲಿಗೆ ಬಂದದ್ದು 150 ಪಿಎಸ್‌ನದು (ಪಿಎಸ್ ಅಂದರೆ ಕುದುರೆಶಕ್ತಿಯ ಅಳತೆ). ಇದೇ ಬಳಗದ ಎಂಜಿನ್ಗಳು ಯುರೋಪಿನಲ್ಲಿ 180ಕ್ಕೂ, ಆಡಿ ಟಿಟಿಯಲ್ಲಿ 225ಕ್ಕೂ ಹೋಗಿದ್ದವು. ಅಂಥದೊಂದು ಕಾರನ್ನು ನಾನು ಟ್ರ್ಯಾಕಿಗೆಂದೇ ಇಟ್ಟುಕೊಂಡಿದ್ದೇನೆ. ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಅದರ ಕೆ03 ಟರ್ಬೊ ಬಿಚ್ಚಿ, ಅದಕ್ಕಿಂತ ದೊಡ್ಡ ಕೆ04 ಹಾಕಿದ ಕೆಲಸ ವಿದ್ಯಾನಗರದ ನಮ್ಮ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಆಯಿತು. ಕಾರು ನೋಡಲು ಬರುವ ಹುಡುಗರೆಲ್ಲ ಮೊದಲು ಕೇಳುವುದು 'ಯಾವ ಟರ್ಬೊ ಅಣ್ಣ' ಅಂತ. ಪೆಟ್ರೋಲ್ ಎಷ್ಟು ಬೇಕಾಯಿತು, ಗಾಳಿ ಎಷ್ಟು ಬಿಸಿಯಾಯಿತು, ಎಣ್ಣೆ ಹೇಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಎಂಜಿನ್ ಉಳಿಯುವುದೋ ಒಡೆಯುವುದೋ ಆ ಮೂರರ ಮೇಲೆ ನಿಂತಿದೆ. ಹಾಗಾಗಿ ಅದನ್ನೇ ಹೆಚ್ಚು ಬರೆಯುತ್ತೇನೆ.

ಒಂದು ಮಾತು ಮೊದಲೇ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟು ಆರ್‌ಸಿಯಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಒತ್ತಿ ಹೇಳಿದೆ. ನನ್ನ ಕಾರು ರಸ್ತೆಗಿಳಿಯುವುದಿಲ್ಲ, ಲಾರಿಯ ಮೇಲೆ ಕೂತು ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೋ ಹೋಗಿ ಬರುತ್ತದೆ. ದಿನಾ ಆಫೀಸಿಗೆ ಓಡಿಸುವ ಕಾರಿಗೆ ಈ ಕೆಲಸ ಮಾಡಬೇಡಿ.

ಕೆ04ರಲ್ಲೇ ಎರಡು ಬಗೆ ಇವೆ. ಒಂದು, ಹಳೆ ಮ್ಯಾನಿಫೋಲ್ಡಿಗೇ (ಸಿಲಿಂಡರುಗಳ ಹೊಗೆಯನ್ನು ಟರ್ಬೊಗೆ ಒಯ್ಯುವ ಕಬ್ಬಿಣದ ಕೊಳವೆ) ಕೂರುವಂಥದು. ಇನ್ನೊಂದು ಆಡಿ ಎಸ್3, ಟಿಟಿ 225ರದು; ಅದಕ್ಕೆ ಮ್ಯಾನಿಫೋಲ್ಡ್, ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಹೋಗುವ ಪೈಪು), ಗಾಳಿಯ ಪೈಪು ಎಲ್ಲವೂ ಬೇರೆ ಬೇಕು. ನಾನು ಮೊದಲನೆಯದನ್ನು ಆರಿಸಿದೆ. ಗುರಿ 200 ಪಿಎಸ್‌ನ ಆಸುಪಾಸು. ಈ ಎಂಜಿನ್ನಿನ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ಗಳು ಸಣಕಲು. ಅವನ್ನು ಬದಲಿಸದೆ ಅದಕ್ಕಿಂತ ಮೇಲೆ ಆಸೆ ಪಡುವುದು ನನಗೆ ಸರಿಕಾಣಲಿಲ್ಲ.

ಟರ್ಬೊ ಕೊಳ್ಳುವುದಕ್ಕೂ ಮೊದಲು ಎಂಜಿನ್ನಿನ ಆರೋಗ್ಯ ನೋಡಿದೆ. ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಹಿಂಡಿದಾಗಿನ ಒತ್ತಡ) 11 ಬಾರ್ ಆಸುಪಾಸಿನಲ್ಲಿ, ಒಂದಕ್ಕೊಂದು ಹತ್ತಿರ ಇತ್ತು. ಒಂದು ಸಿಲಿಂಡರ್ ಮಾತ್ರ ಬಹಳ ಕೆಳಗೆ ಬಂದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಆಮೇಲೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿ, ಅಂದರೆ ಸಂಪ್, ಇಳಿಸಿದೆ. ಎಣ್ಣೆ ಹೀರುವ ಪೈಪಿನ ಜಾಲರಿಯಲ್ಲಿ ಕರೀ ಮಡ್ಡಿ ಕಟ್ಟಿಕೊಂಡಿತ್ತು. ಈ ಎಂಜಿನ್ನಿಗೆ ಇದು ಹಳೇ ಕಾಯಿಲೆ. ಜಾಲರಿ ಅರ್ಧ ಮುಚ್ಚಿದ್ದರೂ ಹಳೆ ಟರ್ಬೊ ಹೇಗೋ ನಡೆಸಿಕೊಂಡು ಹೋಗುತ್ತದೆ, ಹೊಸದು ಸುಟ್ಟುಹೋಗುತ್ತದೆ. ಪೈಪ್ ಹೊಸದು ಹಾಕಿ, ಸಂಪ್ ತೊಳೆದು ಮುಚ್ಚಿದೆ.

ಈಗ ಪೆಟ್ರೋಲಿನ ಲೆಕ್ಕ. ಇದನ್ನು ಯಾರು ಬೇಕಾದರೂ ಕಾಗದದ ಮೇಲೆ ಮಾಡಬಹುದು. ಪೂರ್ತಿ ಎಕ್ಸಿಲರೇಟರ್ ಒತ್ತಿದಾಗ ಟರ್ಬೊ ಪೆಟ್ರೋಲ್ ಎಂಜಿನ್ ಒಂದು ಕುದುರೆಶಕ್ತಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. 200 ಕುದುರೆಶಕ್ತಿಗೆ ಗಂಟೆಗೆ 54 ಕಿಲೋ. ಪೆಟ್ರೋಲ್ ಚಿಮ್ಮಿಸುವ ನಾಲ್ಕು ಇಂಜೆಕ್ಟರಿಗೆ ಹಂಚಿದರೆ ಒಂದೊಂದಕ್ಕೆ ಹದಿಮೂರೂವರೆ ಕಿಲೋ. ಪೆಟ್ರೋಲಿನ ಸಾಂದ್ರತೆ ಲೀಟರಿಗೆ 745 ಗ್ರಾಂ ಎಂದುಕೊಂಡರೆ ನಿಮಿಷಕ್ಕೆ 300 ಸಿಸಿ ಆಗುತ್ತದೆ. ಆದರೆ ಇಂಜೆಕ್ಟರನ್ನು ನೂರಕ್ಕೆ ನೂರು ಹೊತ್ತು ತೆರೆದಿಡಬಾರದು, 80ಕ್ಕೆ ನಿಲ್ಲಿಸಬೇಕು. ಹಾಗಾಗಿ ಬೇಕಾದದ್ದು 375 ಸಿಸಿಯ ಹತ್ತಿರದ್ದು. ಎಸ್3ರ ಇಂಜೆಕ್ಟರ್ 386 ಸಿಸಿ. ಹೇಳಿ ಮಾಡಿಸಿದ ಹಾಗಿತ್ತು. ಈಗ ಬಂಕುಗಳಲ್ಲಿ ಬರುವುದು 20% ಎಥೆನಾಲ್ ಸೇರಿದ ಪೆಟ್ರೋಲ್. ಬರೀ ಪೆಟ್ರೋಲ್ ಒಂದು ಪಾಲಿಗೆ ಗಾಳಿ 14.7 ಪಾಲು ಬೇಕು. ಈ ಮಿಶ್ರಣಕ್ಕೆ 13.5ರ ಹತ್ತಿರ ಸಾಕು. ಅಂದರೆ ಅದೇ ಗಾಳಿಗೆ ಸುಮಾರು 9% ಹೆಚ್ಚು ಇಂಧನ ಸುರಿಯಬೇಕು. ಆಗ 386ರ ಇಂಜೆಕ್ಟರ್ 80ರ ಮಿತಿ ಸ್ವಲ್ಪ ದಾಟಿ 85ರ ಹತ್ತಿರ ಬಂತು, ಆದರೂ ನೂರು ಮುಟ್ಟಲಿಲ್ಲ. ಅದರಿಂದಲೇ 200ರ ಗುರಿಯನ್ನು ನಾನು ಮೇಲಕ್ಕೆ ಕದಲಿಸಲಿಲ್ಲ.

ನಮ್ಮ ಊರಿನ ಗಾಳಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಚಳಿದೇಶದವರು ಬರೆದ ಟ್ಯೂನಿಂಗ್ ಸಲಹೆಗಳು ಇಲ್ಲಿಗೆ ಹೊಂದದಿರುವುದು ಇದೇ ಕಾರಣಕ್ಕೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಒಂದು ಬಾರ್ ಇರುವುದಿಲ್ಲ, 0.94ರ ಹತ್ತಿರ. ಒಂದು ಬಾರ್ ಬೂಸ್ಟ್ (ಹೊರಗಿನ ಒತ್ತಡದ ಮೇಲೆ ಟರ್ಬೊ ಸೇರಿಸುವ ಒತ್ತಡ) ಬೇಕೆಂದರೆ ಟರ್ಬೊ 0.94ನ್ನು 1.94 ಮಾಡಬೇಕು, ಅಂದರೆ ಎರಡು ಪಟ್ಟಿಗಿಂತ ಹೆಚ್ಚು ಹಿಂಡಬೇಕು. ಚೆನ್ನೈಯಲ್ಲಿ ಅದೇ ಬೂಸ್ಟಿಗೆ ಟರ್ಬೊ ಇದಕ್ಕಿಂತ ಕಡಿಮೆ ದುಡಿಯುತ್ತದೆ. ಇನ್ನು ಏಪ್ರಿಲ್ ಮಧ್ಯಾಹ್ನ 40 ಡಿಗ್ರಿಯ ಗಾಳಿ ಒಳಗೆ ಹೋದರೆ, ಕಂಪ್ರೆಸರ್ 70% ದಕ್ಷತೆಯಲ್ಲಿ ಕೆಲಸ ಮಾಡಿದರೂ ಹೊರಗೆ ಬರುವ ಗಾಳಿ 140 ಡಿಗ್ರಿ ದಾಟುತ್ತದೆ. ಇಷ್ಟು ಬಿಸಿ ಗಾಳಿ ಸಿಲಿಂಡರಿಗೆ ಹೋದರೆ ಸ್ಪಾರ್ಕಿಗೂ ಮೊದಲೇ, ಇಲ್ಲವೇ ಸ್ಪಾರ್ಕಾದ ಮೇಲೆ ಮೂಲೆಯಲ್ಲಿ ತಾನಾಗಿ ಮಿಶ್ರಣ ಹೊತ್ತಿಕೊಂಡು ಎಂಜಿನ್ ಕಟಕಟ ಬಡಿಯುತ್ತದೆ. ಪಿಸ್ಟನ್ ಒಡೆಯುವುದು ಹೀಗೆ.

ಈ ಗಾಳಿಯನ್ನು ತಣಿಸಲು ಕಂಪನಿ ಕೊಟ್ಟ ಇಂಟರ್‌ಕೂಲರ್ ಮುಂದಿನ ಮಡ್‌ಗಾರ್ಡಿನ ಒಳಗೆ ಅಡಗಿ ಕೂತ ಚಿಕ್ಕ ಡಬ್ಬಿ. ಒಂದೆರಡು ಸಲ ಜೋರಾಗಿ ಎಳೆದರೆ ಅದೇ ಕಾದುಹೋಗುತ್ತದೆ. ಅದನ್ನು ಬಿಟ್ಟು ಬಂಪರಿನ ಹಿಂದೆ, ರೇಡಿಯೇಟರಿನ ಮುಂದೆ ಅಗಲವಾದದ್ದನ್ನು ಕೂರಿಸಿದೆ. ಬಂಪರಿನ ಒಳಗಿನ ಪ್ಲಾಸ್ಟಿಕ್ ಒಂದಿಷ್ಟು ಕತ್ತರಿಸಬೇಕಾಯಿತು. ಕೈಯಲ್ಲಿರುವ ಹಣ ಟರ್ಬೊ, ಇಂಟರ್‌ಕೂಲರ್ ಎರಡರಲ್ಲಿ ಒಂದಕ್ಕೇ ಸಾಲುವುದಾದರೆ ಮೊದಲು ಇಂಟರ್‌ಕೂಲರ್ ಹಾಕಿಸಿ ಎಂದು ಯಾರಿಗಾದರೂ ಹೇಳುತ್ತೇನೆ.

ಏರ್ ಫಿಲ್ಟರ್ ಮಾತ್ರ ಕಂಪನಿಯ ಕಾಗದದ್ದನ್ನೇ ಉಳಿಸಿಕೊಂಡೆ. ಎಣ್ಣೆ ಸವರಿದ ಹತ್ತಿಯ ಕೋನ್ ಫಿಲ್ಟರ್ ಹಾಕಿದರೆ ಸದ್ದು ಚೆನ್ನಾಗಿರುತ್ತದೆ, ನಿಜ. ಆದರೆ ನಮ್ಮ ಸುತ್ತ ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಗಾಳಿಯಲ್ಲಿ ಹಾರುವ ಧೂಳು, ಹೊಟ್ಟು ಎಷ್ಟೆಂದು ಎಲ್ಲರಿಗೂ ಗೊತ್ತು. ನಿಮಿಷಕ್ಕೆ ಒಂದೂವರೆ ಲಕ್ಷ ಸುತ್ತು ಮೀರಿ ತಿರುಗುವ ಅಲ್ಯೂಮಿನಿಯಂ ರೆಕ್ಕೆಗೆ ಧೂಳಿನ ಒಂದೊಂದು ಕಣವೂ ಉಜ್ಜುಗಾಗದ ಇದ್ದ ಹಾಗೆ. ಆ ಎಣ್ಣೆ ಗಾಳಿ ಅಳೆಯುವ ಸೆನ್ಸರಿನ ಬಿಸಿ ಪಟಲಕ್ಕೂ ಅಂಟುತ್ತದೆ. ಅಳತೆ ತಪ್ಪಿದರೆ ಪೆಟ್ರೋಲ್ ತಪ್ಪುತ್ತದೆ.

ಬಿಚ್ಚುವ ಕೆಲಸದಲ್ಲಿ ಬೆವರಿಳಿಸುವುದು ಮ್ಯಾನಿಫೋಲ್ಡಿನ ಸ್ಟಡ್ಡು, ನಟ್ಟು. ವರ್ಷಗಟ್ಟಲೆ 900 ಡಿಗ್ರಿಯ ಹೊಗೆ ಕಂಡ ಕಬ್ಬಿಣ ಅದು. ಕೆಲಸದ ಹಿಂದಿನ ಕೆಲವು ಸಂಜೆ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಾ ಬಂದೆ. ನಟ್ಟನ್ನು ಗ್ಯಾಸಿನ ಬೆಂಕಿಯಲ್ಲಿ ಕಾಯಿಸಿ, ಸಡಿಲಿಸುವ ಮೊದಲು ಕೂದಲೆಳೆಯಷ್ಟು ಬಿಗಿಸಿ, ಆಮೇಲೆ ತಿರುಗಿಸಿದೆ. ಆದರೂ ಒಂದು ಸ್ಟಡ್ ಹೆಡ್ಡಿನೊಳಗೇ ತುಂಡಾಯಿತು. ಡ್ರಿಲ್ ಹಾಕಲು ಹೋಗದೆ ವೆಲ್ಡಿಂಗಿನವರನ್ನು ಮನೆಗೇ ಕರೆಸಿ, ತುಂಡಿನ ಮೇಲೆ ನಟ್ ಇಟ್ಟು ಬೆಸೆಸಿದೆ. ಆ ಬಿಸಿಗೆ ಅದು ಸುಲಭವಾಗಿ ಬಿಚ್ಚಿಬಂತು.

ಮ್ಯಾನಿಫೋಲ್ಡಿನ ಮುಖಕ್ಕೆ ಉಕ್ಕಿನ ಪಟ್ಟಿ ಇಟ್ಟು ಫೀಲರ್ ಗೇಜ್ ಹಾಕಿ ನೋಡಿದರೆ ನಡುವೆ ಸೊಟ್ಟಗಾಗಿತ್ತು. ಹೊಸ ಪ್ಯಾಕಿಂಗ್ ಹಾಕಿ ಒತ್ತಿಬಿಡಬಹುದಿತ್ತು; ಸ್ವಲ್ಪ ದಿನಕ್ಕೇ ಹೊಗೆ ಸೋರುತ್ತಿತ್ತು. ಹರಿಹರಕ್ಕೆ ಒಯ್ದೆ. ಅಲ್ಲಿ ಮೈಸೂರು ಕಿರ್ಲೋಸ್ಕರ್ ಇದ್ದ ಕಾಲದಲ್ಲಿ ದೇಶಕ್ಕೆಲ್ಲ ಲೇತ್ ಹೋಗುತ್ತಿದ್ದವು. ಕಾರ್ಖಾನೆ ಮುಚ್ಚಿದರೂ ಆ ಕೈಗಳ ಪಳಗಿಕೆ ಊರಿನಲ್ಲಿ ಉಳಿದಿದೆ. ಹಿರಿಯ ಟರ್ನರ್ ಒಬ್ಬರು ಮ್ಯಾನಿಫೋಲ್ಡನ್ನು ಕೈಯಲ್ಲಿ ತಿರುಗಿಸಿ ನೋಡಿ, 'ಇದನ್ನ ಬಿಗಿದು ಹಿಡಿದ್ರೆ ಹಿಡಿದ ಕಡೆ ಬಗ್ತೈತ್ರಿ, ಸಡಿಲ ಕೂರ್ಸಿ ಸ್ವಲ್ಪ ಸ್ವಲ್ಪನೇ ತೆಗಿಬೇಕು' ಎಂದರು. ಹಾಗೇ ಮಾಡಿಕೊಟ್ಟರು. ಆ ಮುಖದಿಂದ ಈವರೆಗೆ ಒಂದಿಷ್ಟೂ ಹೊಗೆ ಸೋರಿಲ್ಲ.

ಟರ್ಬೊವನ್ನು ಪಿ.ಬಿ. ರಸ್ತೆಯ ಲಾರಿ ಟರ್ಬೊ ರಿಪೇರಿ ಮಾಡುವ ಮಿಸ್ತ್ರಿಗೂ ಒಮ್ಮೆ ತೋರಿಸಿದೆ. ಶಾಫ್ಟಿನ ಆಟ ನೋಡಲಿ ಎಂದು ಒಯ್ದರೆ ಅವರು ಅದನ್ನು ಪಕ್ಕಕ್ಕಿಟ್ಟು, 'ಎಣ್ಣೆ ಪೈಪ್ ಎಲ್ಲೈತೆ ಸರ? ಅದನ್ನ ತಗೊಂಡ್ ಬರ್ರಿ ಮೊದ್ಲು' ಎಂದರು. ಹಳೆ ಪೈಪ್ ತಂದು ಊದಿ ನೋಡಿದೆವು. ಒಳಗೆ ಸುಟ್ಟ ಎಣ್ಣೆ ಕಲ್ಲಾಗಿ ಕೂತಿತ್ತು. ಅವರ ಮಾತಿನ ಬೆಲೆ ಆ ಕ್ಷಣಕ್ಕೇ ತಿಳಿಯಿತು. ಟರ್ಬೊದ ಶಾಫ್ಟ್ ನಿಂತಿರುವುದು ಎಣ್ಣೆಯ ತೆಳುಪದರದ ಮೇಲೆ. ಆ ಪೈಪನ್ನು ತೊಳೆದು ಮತ್ತೆ ಹಾಕುವ ಆಲೋಚನೆಯನ್ನೇ ಬಿಟ್ಟು ಹೊಸದು ತರಿಸಿದೆ. ತಾಮ್ರದ ವಾಷರುಗಳೂ ಹೊಸವು. ವಾಪಸು ಹೋಗುವ ಪೈಪ್ ಎಲ್ಲೂ ಮಡಚದೆ ಸಂಪಿಗೆ ನೇರ ಇಳಿಯಬೇಕು. ಇಲ್ಲವಾದರೆ ಎಣ್ಣೆ ಟರ್ಬೊದೊಳಗೇ ನಿಂತು ಸೀಲ್ ದಾಟಿ ನೀಲಿ ಹೊಗೆ ಬರುತ್ತದೆ.

ಟರ್ಬೊವನ್ನು ತಣಿಸುವ ಕೂಲೆಂಟಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೆರೆಸಬೇಡಿ. ನಮ್ಮ ಬೋರ್‌ವೆಲ್ ನೀರು ಸ್ನಾನದ ಬಕೆಟ್ಟಿನಲ್ಲೇ ಬಿಳಿ ಪದರ ಕಟ್ಟುತ್ತದೆ. ಟರ್ಬೊದ ಕಿರುದಾರಿಗಳಲ್ಲಿ ಏನು ಮಾಡೀತು ಎಂದು ಊಹಿಸಬಹುದು.

ಎಲ್ಲ ಕೂರಿಸಿದ ಮೇಲೆ ಕೀ ತಿರುಗಿಸುವ ಆತುರ ಬೇಡ. ಟರ್ಬೊದ ಎಣ್ಣೆ ತೂತಿಗೆ ಮೊದಲೇ ಶುದ್ಧ ಎಣ್ಣೆ ಸುರಿದು ಶಾಫ್ಟನ್ನು ಬೆರಳಲ್ಲಿ ತಿರುಗಿಸಿದೆ. ಇಗ್ನಿಷನ್ ಕಾಯಿಲ್, ಇಂಜೆಕ್ಟರುಗಳ ಪ್ಲಗ್ ಬಿಚ್ಚಿಟ್ಟು, ಎಣ್ಣೆಯ ದೀಪ ಆರುವವರೆಗೆ ಸ್ವಲ್ಪ ಸ್ವಲ್ಪ ಹೊತ್ತು ಸ್ಟಾರ್ಟರ್ ತಿರುಗಿಸಿದೆ. ಆಮೇಲೆ ಗಾಳಿ ಸೋರಿಕೆಯ ಪರೀಕ್ಷೆ. ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಮುಚ್ಚಳಕ್ಕೆ ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ, ಟರ್ಬೊದ ಬಾಯಿಗೆ ಕ್ಲಿಪ್ ಹಾಕಿ ಬಿಗಿದು, 15 ಪೌಂಡ್ ಗಾಳಿ ತುಂಬಿ, ಸೋಪಿನ ನೀರು ಚಿಮುಕಿಸಿದೆ. ಇಂಟರ್‌ಕೂಲರಿನ ಹೊಸ ಕ್ಲಿಪ್ಪುಗಳು ಗಟ್ಟಿಯಾಗಿದ್ದವು. ನೊರೆ ಬಂದದ್ದು ಎಂಜಿನ್ನಿನೊಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನಲ್ಲಿ, ಹಳೇ ರಬ್ಬರ್ ಬಿರಿದ ಕಡೆ. ಈ ಎಂಜಿನ್ನಿನಲ್ಲಿ ಮೊದಲು ನೋಡಬೇಕಾದ ಜಾಗವೇ ಅದು.

ಸ್ಪಾರ್ಕ್ ಪ್ಲಗ್ ಎನ್‌ಜಿಕೆಯ ಕೋಲ್ಡ್ (ಬೇಗ ಬಿಸಿ ಬಿಡುವ) ಬಗೆಯವು, ಗ್ಯಾಪ್ 0.7 ಮಿ.ಮೀ. ಎಣ್ಣೆ 5ಡಬ್ಲ್ಯೂ-40 ಪೂರ್ತಿ ಸಿಂಥೆಟಿಕ್.

ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು, ಬಾಷ್ ಕಂಪನಿಯ ಎಂಇ7.5. ಅದರ ಮ್ಯಾಪ್ (ಎಷ್ಟು ಪೆಟ್ರೋಲ್, ಯಾವಾಗ ಸ್ಪಾರ್ಕ್, ಎಷ್ಟು ಬೂಸ್ಟ್ ಎಂಬ ಪಟ್ಟಿ) ಬರೆಯುವುದನ್ನು ನಾನು ಕಲಿತಿಲ್ಲ, ಬೆಂಗಳೂರಿನ ಟ್ಯೂನರ್ ಒಬ್ಬರು ಮಾಡಿದರು. ನನ್ನ ಪಾಲಿನ ಕೆಲಸ ಅಂಕಿ ಓದುವುದು. ಹೈವೇಯಲ್ಲಿ ಪೂರ್ತಿ ಎಳೆದು ನೋಡುವುದು ಜೀವಗಳ ಜೊತೆ ಆಡುವ ಆಟ, ನಾವು ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೇ ನೋಡಿದೆವು. ಇಸಿಯುವಿನ ಅಂಕಿ ಓದುವ ವಿಸಿಡಿಎಸ್ ಸಾಫ್ಟ್‌ವೇರಿನ 002ನೇ ಬ್ಲಾಕಿನಲ್ಲಿ ಗಾಳಿಯ ಪ್ರಮಾಣ ಸೆಕೆಂಡಿಗೆ ಎಷ್ಟು ಗ್ರಾಂ ಎಂದು ಬರುತ್ತದೆ. ಅದನ್ನು 0.8ರಿಂದ ಭಾಗಿಸಿದರೆ ಕುದುರೆಶಕ್ತಿಯ ಅಂದಾಜು ಸಿಗುತ್ತದೆ. 115ರಲ್ಲಿ ಕೇಳಿದ ಬೂಸ್ಟ್, ಸಿಕ್ಕ ಬೂಸ್ಟ್ ಎರಡೂ ಇರುತ್ತವೆ. ಅದು ಹೊರಗಿನ ಒತ್ತಡವೂ ಸೇರಿದ ಲೆಕ್ಕ. ಎಂಜಿನ್ ಆಫ್ ಮಾಡಿ ಬರೀ ಕೀ ಹಾಕಿದಾಗ ನಮ್ಮೂರಿನಲ್ಲಿ 940 ಮಿಲಿಬಾರ್ ಹತ್ತಿರ ತೋರಿಸಬೇಕು. 020ರಲ್ಲಿ ಬಡಿತ ಕೇಳಿಸಿದಾಗ ಸಿಲಿಂಡರಿಗೊಂದರಂತೆ ಎಷ್ಟು ಡಿಗ್ರಿ ಸ್ಪಾರ್ಕ್ ತಡಮಾಡಿತು ಎಂಬುದು ಸಿಗುತ್ತದೆ. ನಾನು ಅತಿ ಹೆಚ್ಚು ನೋಡುವ ಪುಟ ಇದೇ. 3 ಡಿಗ್ರಿಯೊಳಗಿದ್ದರೆ ಒಪ್ಪುತ್ತೇನೆ; 6 ದಾಟಿದರೆ ಆ ಓಟ ಅಲ್ಲಿಗೇ ನಿಲ್ಲುತ್ತದೆ.

ಇಂಧನದ ಮಿಶ್ರಣವನ್ನು ಲ್ಯಾಂಬ್ಡಾ ಅಂಕಿಯಲ್ಲೇ (ಆ ಇಂಧನಕ್ಕೆ ಬೇಕಾದ ಗಾಳಿಯ ಎಷ್ಟು ಪಟ್ಟು ಗಾಳಿ ಸಿಕ್ಕಿತು ಎಂಬುದು) ನೋಡಿ. ಎಥೆನಾಲ್ ಬೆರೆತ ಪೆಟ್ರೋಲಿಗೆ 14.7ರ ಅಳತೆಗೋಲು ದಾರಿ ತಪ್ಪಿಸುತ್ತದೆ, ಲ್ಯಾಂಬ್ಡಾ ತಪ್ಪಿಸುವುದಿಲ್ಲ. ಪೂರ್ತಿ ಎಳೆತದಲ್ಲಿ ನಾವು 0.80ರಿಂದ 0.82ರ ನಡುವೆ ಹಿಡಿದೆವು. ಮ್ಯಾಪನ್ನು ನೂರರ ಆಕ್ಟೇನಿಗೆ ಬರೆಸಿದ್ದರೆ ಇನ್ನಷ್ಟು ಶಕ್ತಿ ಸಿಗುತ್ತಿತ್ತು. ನಾನು 95ಕ್ಕೇ ಬರೆಸಿದೆ. ಟ್ಯಾಂಕ್ ಖಾಲಿಯಾದಾಗ ಪಕ್ಕದ ಬಂಕಿನಲ್ಲಿ ಸಿಗುವುದಕ್ಕೆ ತಕ್ಕ ಮ್ಯಾಪ್ ಇದ್ದರೆ ಮನಸ್ಸಿಗೂ ನೆಮ್ಮದಿ.

ಕೆ04 ಚಿಕ್ಕ ಎಂಜಿನ್ನಿಗೆ ಬೇಗ ಎದ್ದೇಳುತ್ತದೆ. 3000 ಸುತ್ತಿನ ಹತ್ತಿರ ಒಮ್ಮೆಲೇ ಟಾರ್ಕ್ ಉಕ್ಕಿ ಬರುತ್ತದೆ. ರಾಡ್ ಬಗ್ಗಿಸುವುದು ಮೇಲಿನ ಸುತ್ತಿನ ಕುದುರೆಶಕ್ತಿಗಿಂತ ಹೆಚ್ಚಾಗಿ ಈ ಉಕ್ಕು. ಅಲ್ಲಿ ಬೂಸ್ಟ್ ತಡೆದು 300 ನ್ಯೂಟನ್ ಮೀಟರಿನೊಳಗೆ ಇರಿಸಿ, 4000 ದಾಟಿದ ಮೇಲೆ ಒಂದು ಬಾರ್ ಬೂಸ್ಟಿನವರೆಗೆ ಬಿಟ್ಟೆವು. ಕೊನೆಯ ಓಟದಲ್ಲಿ ಗಾಳಿ ಸೆಕೆಂಡಿಗೆ 158 ಗ್ರಾಂ ಬಂತು, ಅಂದರೆ 197 ಕುದುರೆಶಕ್ತಿ. ಬಡಿತ 3 ಡಿಗ್ರಿ ದಾಟಲಿಲ್ಲ.

ಮನೆಗೆ ತಂದ ಮೇಲೆ ಎಂಜಿನ್ ಕಾದು ಆರಿದ ಕೆಲವು ಸುತ್ತಿನ ನಂತರ ಮ್ಯಾನಿಫೋಲ್ಡಿನ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ಬಿಗಿದೆ. ಎರಡು ಸ್ವಲ್ಪ ತಿರುಗಿದವು. ಎಣ್ಣೆ, ಫಿಲ್ಟರ್ ಬೇಗನೆ ಬದಲಿಸಿ ಫಿಲ್ಟರನ್ನು ಕೊಯ್ದು ಬಿಡಿಸಿ ನೋಡಿದೆ, ಲೋಹದ ಪುಡಿ ಇರಲಿಲ್ಲ. ಈಗ ಶೆಡ್ಡಿನಲ್ಲಿ ನಡೆಯುತ್ತಿರುವುದು ಪೆಟ್ರೋಲ್ ಪೈಪಿನ ಕೆಲಸ. ಇಷ್ಟು ಎಥೆನಾಲ್ ಬರುತ್ತದೆಂದು ಅಂದುಕೊಳ್ಳದ ಕಾಲದ ರಬ್ಬರ್ ಅದು. ಟ್ಯಾಂಕಿನಿಂದ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯವರೆಗೆ ಎಥೆನಾಲ್ ತಡೆಯುವ ಪೈಪ್ ಎಳೆಯುತ್ತಿದ್ದೇನೆ. ಅದು ಮುಗಿಯುವವರೆಗೆ ಕಾರು ಸ್ಟ್ಯಾಂಡ್ ಮೇಲೇ ಇರುತ್ತದೆ.