ಹೈಡ್ರಾ ಸಾಕುವುದು, ಕತ್ತರಿಸಿ ನೋಡುವುದು

ಹವಳ, ಜೆಲ್ಲಿಫಿಶ್‌ಗಳ ಬಳಗದಲ್ಲಿ ಸಿಹಿನೀರಿಗೆ ಒಗ್ಗಿಕೊಂಡವು ಬೆರಳೆಣಿಕೆಯಷ್ಟು. ಹೈಡ್ರಾ ಅಂಥದ್ದೊಂದು. ಸಾಕಲು ಒಂದು ಗಾಜಿನ ಜಾಡಿ ಸಾಕು.

ಕೊಳಚೆ ಸೇರದ ಕೆರೆ, ಕಲ್ಯಾಣಿಯಿಂದ ಒಂದೆರಡು ಹಿಡಿ ನೀರುಗಿಡಗಳನ್ನು ಅಲ್ಲಿನ ನೀರಿನ ಸಮೇತ ತನ್ನಿ. ದಡದಲ್ಲೇ ಹುಡುಕಿ ಪ್ರಯೋಜನವಿಲ್ಲ. ನೀರಿನಿಂದ ಎತ್ತಿದೊಡನೆ ಹೈಡ್ರಾ ಮುದುಡಿ ಲೋಳೆಯ ಚುಕ್ಕೆಯಾಗಿಬಿಡುತ್ತದೆ. ಜಾಡಿಗೆ ಹಾಕಿ ಒಂದು ರಾತ್ರಿ ಅಲುಗಾಡಿಸದೆ ಬಿಡಿ. ಬೆಳಕು ಬೀಳುವ ಕಡೆಯ ಗಾಜನ್ನು ಭೂತಗನ್ನಡಿಯಲ್ಲಿ ನೋಡಿದರೆ, ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರ್ ಉದ್ದದ, ತುದಿಯಲ್ಲಿ ಐದಾರು ಎಳೆ ಕೆದರಿದ ದಾರದ ತುಂಡಿನಂಥದ್ದು ಕಾಣುತ್ತದೆ.

ಹೈಡ್ರಾ ಸಾಯುವುದು ಹೆಚ್ಚಾಗಿ ನೀರಿನಿಂದಲೇ. ನಲ್ಲಿ ನೀರನ್ನು ಅಗಲ ಬೋಗುಣಿಯಲ್ಲಿ ಒಂದೆರಡು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಿ. ಡಿಸ್ಟಿಲ್ಡ್ ನೀರು ಬೇಡ, ಅದರಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ. ತಾಮ್ರದ ಚೊಂಬಿನ ನೀರಂತೂ ನಮಗೆಷ್ಟು ಒಳ್ಳೆಯದೋ ಏನೋ, ಹೈಡ್ರಾಕ್ಕೆ ವಿಷ. ಹೈಡ್ರಾದ ಕೈಗಳು, ಅಂದರೆ ತುದಿಯಲ್ಲಿ ಕೆದರಿದ ಆ ಎಳೆಗಳು, ಗಿಡ್ಡವಾಗಿ ತುದಿ ಗುಂಡಾದರೆ ತಡಮಾಡದೆ ನೀರು ಬದಲಿಸಿ. 18ರಿಂದ 22 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಹಿತ.

ಊಟಕ್ಕೆ ಆರ್ಟೀಮಿಯ ಎಂಬ ಉಪ್ಪುನೀರಿನ ಪುಟ್ಟ ಸೀಗಡಿಯ ಮರಿಗಳು. ಅಲಂಕಾರಿಕ ಮೀನಿನ ಅಂಗಡಿಯಲ್ಲಿ ಮೊಟ್ಟೆ ಸಿಗುತ್ತದೆ. ಲೀಟರ್ ನೀರಿಗೆ 25–30 ಗ್ರಾಂ ಕಲ್ಲುಪ್ಪು ಕರಗಿಸಿ, ಚಿಟಿಕೆ ಮೊಟ್ಟೆ ಹಾಕಿ ಗಾಳಿಗುಳ್ಳೆ ಹಾಯಿಸಿದರೆ 24–36 ಗಂಟೆಯಲ್ಲಿ ಕಿತ್ತಳೆ ಬಣ್ಣದ ಮರಿಗಳು ಹೊರಬರುತ್ತವೆ. ನವುರಾದ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಉಪ್ಪು ಉಳಿದರೆ ಹೈಡ್ರಾ ಉಳಿಯದು. ಡ್ರಾಪರಿನಿಂದ ನಾಲ್ಕಾರು ಮರಿ ಬಿಟ್ಟು ನೋಡುತ್ತಿರಿ. ಈಜುತ್ತಿದ್ದ ಮರಿ ಕೈಗೆ ತಾಗಿದ್ದೇ ತಡ, ಅಲ್ಲೇ ನಿಶ್ಚಲ. ಕುಟುಕುಕೋಶಗಳು ವಿಷದ ಎಳೆ ಚಿಮ್ಮಿಸಿರುತ್ತವೆ. ಕೈ ಮಡಚುತ್ತದೆ, ಬಾಯಿ ಅಗಲವಾಗುತ್ತದೆ, ಪಾರದರ್ಶಕ ಮೈಯೊಳಗೆ ಕಿತ್ತಳೆ ಚುಕ್ಕೆ ಇಳಿಯುತ್ತದೆ. ಜೀರ್ಣವಾಗದ್ದು ಬರುವುದೂ ಅದೇ ಬಾಯಿಂದ, ಬೇರೆ ದಾರಿ ಇಲ್ಲ. ಆದ್ದರಿಂದ ಊಟದ 6–8 ಗಂಟೆ ಬಳಿಕ ನೀರು ಬದಲಿಸಿ. ಬಿಟ್ಟರೆ ಕೊಳೆತು ನಾರುತ್ತದೆ. ವಾರಕ್ಕೆರಡು ಮೂರು ಊಟ ಸಾಕು. ಹೊಟ್ಟೆ ತುಂಬಿದ್ದರೆ ಪಕ್ಕೆಯಲ್ಲಿ ಮೊಗ್ಗೊಡೆದು ಮರಿ ಬರುತ್ತದೆ.

ಕತ್ತರಿಸಲು ಮೊಗ್ಗಿಲ್ಲದ, ಒಂದು ದಿನ ಉಪವಾಸವಿದ್ದ ಹೈಡ್ರಾ ಆರಿಸಿ. ಹೊಟ್ಟೆ ತುಂಬಿದ್ದನ್ನು ಕೊಯ್ದರೆ ಒಳಗಿನದೆಲ್ಲ ಚೆಲ್ಲಿ ನೀರು ಕೆಡುತ್ತದೆ. ಪೆಟ್ರಿ ತಟ್ಟೆಯಲ್ಲಿ ಅದು ಮೈ ಚಾಚುವವರೆಗೆ ಕಾದು, ಹೊಸ ಬ್ಲೇಡನ್ನು ನಡುವಿಗೆ ನೇರ ಒತ್ತಿ. ಎಳೆದರೆ ಮೈ ಹರಿಯುತ್ತದೆ. ಕೆಲವೇ ಗಂಟೆಯಲ್ಲಿ ಗಾಯ ಮುಚ್ಚುತ್ತದೆ. ಕೆಳತುಂಡಿನಲ್ಲಿ ಎರಡನೇ ದಿನ ಕೈಗಳ ಚಿಗುರು ಕಾಣುತ್ತದೆ. ಮೂರ್ನಾಲ್ಕು ದಿನಕ್ಕೆ ಅದು ಬೇಟೆಯಾಡುತ್ತದೆ. ಅಲ್ಲಿಯವರೆಗೆ ಊಟ ಹಾಕಬೇಡಿ. ಇದು ಗಿಡವೋ ಪ್ರಾಣಿಯೋ ಎಂದು ತಿಳಿಯಲು 1740ರ ದಶಕದಲ್ಲಿ ನಿಸರ್ಗತಜ್ಞ ಅಬ್ರಹಾಂ ಟ್ರೆಂಬ್ಲೆ ನೆದರ್‌ಲೆಂಡ್ಸ್‌ನಲ್ಲಿ ಮಾಡಿದ್ದೂ ಇದೇ ಪ್ರಯೋಗ.

ಬರೀ ಕೈಯನ್ನು ಕತ್ತರಿಸಿಟ್ಟು ಕಾಯಬೇಡಿ. ಕೈಯ ಜೀವಕೋಶಗಳು ಆಗಲೇ ವಿಭಜನೆ ನಿಲ್ಲಿಸಿರುತ್ತವೆ. ಆ ತುಂಡಿನಿಂದ ಹೈಡ್ರಾ ಬೆಳೆಯುವುದಿಲ್ಲ.