ಕೈ ಎತ್ತಿದರೆ ಕುರ್ತಾ ಏಳಬಾರದು

ಕೋಲಾರದಿಂದ ನರಸಾಪುರದ ಕಡೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಿಂತ ಹೆಣ್ಣುಮಕ್ಕಳನ್ನು ಗಮನಿಸಿ. ಒಂದು ಕೈ ಮೇಲಿನ ಕಂಬಿ ಹಿಡಿದಿರುತ್ತದೆ, ಇನ್ನೊಂದು ಕೈ ಕುರ್ತಾವನ್ನು ಕೆಳಗೆ ಎಳೆಯುತ್ತಿರುತ್ತದೆ. ಫ್ಯಾಷನ್ ಅಂದರೆ ಹಾಗೇ, ಆರಾಮ ಬೇಕಾದರೆ ದೊಗಲೆಯಾಗಿ ಹೊಲಿಸಿಕೊಳ್ಳಿ ಅನ್ನುವವರಿದ್ದಾರೆ. ದಿನಾ ಕತ್ತರಿ ಹಿಡಿಯುವ ನನಗೆ ಈ ಮಾತು ಒಪ್ಪಿಗೆಯಿಲ್ಲ. ಚೆಂದದ ಬಟ್ಟೆ ಹಿಂಸೆ ಕೊಡುತ್ತಿದ್ದರೆ ಬಹುಪಾಲು ತಪ್ಪು ಕತ್ತರಿಸಿದವರದು, ಮತ್ತು ಆ ತಪ್ಪು ಹೆಚ್ಚಾಗಿ ಕಂಕುಳಲ್ಲೇ ಇರುತ್ತದೆ.

ಆರ್ಮ್‌ಹೋಲ್, ಅಂದರೆ ತೋಳು ಕೂರಿಸುವ ಸುತ್ತು, ಇಳಿಸಿದಷ್ಟೂ ಕೈಗೆ ಬಿಡುವು ಸಿಗುತ್ತದೆ ಎಂದು ಅನೇಕರು ನಂಬಿದ್ದಾರೆ. ಆಗುವುದು ಉಲ್ಟಾ. ಕಂಕುಳ ಹೊಲಿಗೆ ಕೆಳಗಿಳಿದರೆ ತೋಳು ಕುರ್ತಾದ ಪಕ್ಕಕ್ಕೆ ಅಂಟಿದ ಹಾಗಾಗುತ್ತದೆ, ಕೈ ಎತ್ತಿದ ಕೂಡಲೇ ಇಡೀ ಕುರ್ತಾ ಮೇಲೆ ಬರುತ್ತದೆ. ಎದೆ ಸುತ್ತಳತೆ 36 ಇಂಚು ಇದ್ದವರಿಗೆ ನಾನು ಭುಜದಿಂದ ಕಂಕುಳ ಗೆರೆಗೆ ಏಳೂವರೆ ಇಂಚು ಇಡುತ್ತೇನೆ. ಸಿದ್ಧ ಉಡುಪಿನಲ್ಲಿ ಇದೇ ಅಳತೆ 9 ಇಂಚಿನ ತನಕ ಇಳಿದಿರುವುದುಂಟು, ಒಂದೇ ಸೈಜು ನಾಲ್ಕು ಜನಕ್ಕೆ ಆಗಲಿ ಎಂದು. ಎದೆಗೆ ಬಿಡುವು, ಅಂದರೆ ಮೈಯಳತೆಗಿಂತ ಹೆಚ್ಚಿಗೆ ಇಡುವ ಬಟ್ಟೆ, ಮಾತ್ರ ಧಾರಾಳವಾಗಿ ಕೊಡುತ್ತೇನೆ: ಮೈಗೊಪ್ಪುವ ಫಿಟ್ಟಿಂಗ್‌ಗೆ 2 ಇಂಚು ಸಾಕು, ದಿನವಿಡೀ ಕೆಲಸ ಮಾಡುವ ಕುರ್ತಾಕ್ಕೆ 4 ಇಂಚು ಬೇಕು. ಹಿಗ್ಗದ ಬಟ್ಟೆಯಲ್ಲಿ ಇದಕ್ಕಿಂತ ಕಡಿಮೆ ಮಾಡಿದರೆ ಬೆನ್ನ ಮೇಲೆ ಅಡ್ಡ ಸುಕ್ಕು ಬೀಳುತ್ತದೆ.

ಫ್ಯಾಷನ್ನಿಗೂ ಆರಾಮಕ್ಕೂ ನಿಜವಾದ ಜಗಳ ಇರುವ ಜಾಗ ಒಂದೇ, ತೋಳಿನ ಕ್ಯಾಪ್, ಅಂದರೆ ಭುಜಕ್ಕೆ ಸೇರುವ ತೋಳಿನ ತುದಿಯ ಗುಮ್ಮಟದಂಥ ಭಾಗ. ಕ್ಯಾಪ್ ಎತ್ತರವಾಗಿದ್ದರೆ ಕೈ ಇಳಿಬಿಟ್ಟಾಗ ತೋಳು ಸುಕ್ಕಿಲ್ಲದೆ ಕೂರುತ್ತದೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಕೈ ಎತ್ತಲು ಬಿಡದು. ಕ್ಯಾಪ್ ತಗ್ಗಿಸಿದರೆ ಕೈ ಸಲೀಸಾಗಿ ಏಳುತ್ತದೆ, ಕೈ ಇಳಿಸಿದಾಗ ಕಂಕುಳ ಹತ್ತಿರ ಒಂದೆರಡು ಮಡಿಕೆ ನಿಲ್ಲುತ್ತವೆ. ಆರ್ಮ್‌ಹೋಲ್ ಸುತ್ತು 17 ಇಂಚು ಇದ್ದಾಗ ಮದುವೆಗೆ ಹೊಲಿಯುವ ಕುರ್ತಾಕ್ಕೆ ಕ್ಯಾಪ್ ಐದೂವರೆ ಇಂಚು, ಬಸ್ಸು ಹತ್ತುವವರ ಕುರ್ತಾಕ್ಕೆ ನಾಲ್ಕೂಕಾಲು. ಹೀಗೆ ತಗ್ಗಿಸಿದಾಗ ತೋಳಿನ ಅಗಲ ಸುಮಾರು ಒಂದೂಮುಕ್ಕಾಲು ಇಂಚು ಹೆಚ್ಚಬೇಕು, ಇಲ್ಲದಿದ್ದರೆ ಕ್ಯಾಪಿನ ಗೆರೆ ಆರ್ಮ್‌ಹೋಲಿಗೆ ಸಾಲುವುದಿಲ್ಲ. ಎಳೆದು ಹೊಲಿದರೆ ಭುಜ ಹಿಡಿದುಕೊಳ್ಳುತ್ತದೆ. ಗೆರೆ ಎಳೆದ ಮೇಲೆ ಟೇಪನ್ನು ಮಲಗಿಸದೆ ಅದರ ಅಂಚಿನ ಮೇಲೆ ನಿಲ್ಲಿಸಿ ಕ್ಯಾಪಿನ ಗೆರೆ, ಆರ್ಮ್‌ಹೋಲ್ ಗೆರೆ ಎರಡನ್ನೂ ಅಳೆಯಿರಿ. ಕಾಟನ್‌ನಲ್ಲಿ ಕ್ಯಾಪಿನ ಗೆರೆ ಅರ್ಧ ಇಂಚು ಹೆಚ್ಚಿದ್ದರೆ ಸಾಕು.

ತೋಳು ಅಗಲವಾಗಬಾರದು, ಕೈಯೂ ಏಳಬೇಕು ಎನ್ನುವವರಿಗೆ ಜುಬ್ಬಾದ ಹಳೆಯ ಉಪಾಯವೇ ಗತಿ. 4 ಇಂಚಿನ ಚೌಕ ಕತ್ತರಿಸಿ, ಸುತ್ತ ಅರ್ಧರ್ಧ ಇಂಚು ಹೊಲಿಗೆಗೆ ಬಿಟ್ಟು, ಕಂಕುಳಲ್ಲಿ ಓರೆಯಾಗಿ ಕೂರಿಸಬೇಕು. ನಾಲ್ಕು ಮೂಲೆಯಲ್ಲೂ ಸೂಜಿ ಸರಿಯಾಗಿ ಮೂಲೆಗೇ ನಿಲ್ಲಬೇಕು. ಒಂದು ಹೊಲಿಗೆ ದಾಟಿದರೂ ಸುಕ್ಕು ಬೀಳುತ್ತದೆ, ಬೆವರಿದಾಗ ಅದೇ ಜಾಗ ಉಜ್ಜುತ್ತದೆ.

ಇನ್ನು ಜೇಬು. ಹೆಣ್ಣುಮಕ್ಕಳ ಬಟ್ಟೆಗೆ ಜೇಬಿಡದಿರುವುದು ನನ್ನ ಪ್ರಕಾರ ಅನ್ಯಾಯ. ಫೋನು, ಬಸ್ ಟಿಕೆಟ್ಟು, ಬೀಗದ ಕೈ ಎಲ್ಲಿಡಬೇಕು? ಪಕ್ಕದ ಹೊಲಿಗೆಯಲ್ಲಿ ಜೇಬು ಕೂರಿಸಲು ಎರಡು ಅಡ್ಡಿಗಳಿವೆ. ಮೊದಲನೆಯದು ಸೀಳು. ಸಾಮಾನ್ಯವಾಗಿ ಭುಜದಿಂದ 21-22 ಇಂಚಿಗೇ ಸೀಳು ಶುರುವಾಗುವುದರಿಂದ ಜೇಬಿನ ಬಾಯಿ ಅದಕ್ಕೆ ತಾಗುತ್ತದೆ. ನಾನು ಸೀಳನ್ನು 24 ಇಂಚಿಗೆ ಇಳಿಸುತ್ತೇನೆ, ಬಾಯಿಯನ್ನು 15½ರಿಂದ 21½ ಇಂಚಿನವರೆಗೆ ಇಡುತ್ತೇನೆ. ಚೀಲವನ್ನು ಮುಂದಿನ ಭಾಗದ ಕಡೆಗೆ ತಿರುಗಿಸಿ ಹೊಲಿದರೆ ಸೀಳಿನಲ್ಲಿ ಇಣುಕುವುದಿಲ್ಲ. ಎರಡನೆಯದು ಭಾರ. 200 ಗ್ರಾಂ ಫೋನು ಇಟ್ಟರೆ ಪಕ್ಕದ ಹೊಲಿಗೆ ಜೋತು ಬೀಳುತ್ತದೆ. ಹಾಗಾಗದಂತೆ ಬಟ್ಟೆಯ ನೇಯ್ಗೆಯ ಅಂಚಿನಿಂದಲೇ ಅರ್ಧ ಇಂಚಿನ ಪಟ್ಟಿ ತೆಗೆದು ಬಾಯಿಯ ಒಳಬದಿಗೆ ಇಟ್ಟು ಹೊಲಿಯುತ್ತೇನೆ, ಅಂಚಿನ ಪಟ್ಟಿ ಹಿಗ್ಗುವುದಿಲ್ಲ. ಬಾಯಿಯ ಎರಡೂ ತುದಿಯಲ್ಲಿ ಮೂರು ಸಲ ಹಿಂದೆ ಮುಂದೆ ಹೊಲಿಗೆ. ತೆಳು ರೇಯಾನ್‌ಗೆ ಇಷ್ಟೆಲ್ಲ ಮಾಡಿದರೂ ನಿಲ್ಲದು, ಅಂಥವರಿಗೆ ಜೇಬನ್ನು ಪ್ಯಾಂಟಿಗೇ ಇಟ್ಟುಕೊಡುತ್ತೇನೆ. 42 ಇಂಚು ಉದ್ದದ, ಮುಕ್ಕಾಲು ತೋಳಿನ ಕುರ್ತಾಕ್ಕೆ 44 ಇಂಚು ಪನ್ನದ (ಅಗಲದ) ಬಟ್ಟೆ ಎರಡೂವರೆ ಮೀಟರ್ ಬೇಕು. ಜೇಬಿದ್ದರೆ ಇನ್ನೊಂದು 30 ಸೆಂಟಿಮೀಟರ್ ಸೇರಿಸಿ ತನ್ನಿ.

ಬಟ್ಟೆ ಆರಿಸುವಾಗ ಏಪ್ರಿಲ್ ಬಿಸಿಲು ನೆನಪಿರಲಿ. ಹತ್ತಿ ತನ್ನ ತೂಕದ ಸುಮಾರು 8 ಪರ್ಸೆಂಟ್‌ನಷ್ಟು ತೇವವನ್ನು ಗಾಳಿಯಿಂದಲೇ ಹೀರಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ ಅರ್ಧ ಪರ್ಸೆಂಟೂ ಇಲ್ಲ. ಬೆವರು ಮೈಗೇ ಅಂಟಿಕೊಳ್ಳುವುದು ಅದಕ್ಕೆ. ರೇಯಾನ್ ತಂಪಾಗಿರುತ್ತದೆ ನಿಜ, ಆದರೆ ನೆನೆದಾಗ ಅದರ ಎಳೆ ಬಲ ಕಳೆದುಕೊಳ್ಳುತ್ತದೆ. ಕಲ್ಲಿಗೆ ಬಡಿದು ಒಗೆಯುವ ಮನೆಗೆ ಅದು ಹೊಂದುವುದಿಲ್ಲ. ಹತ್ತಿಯ ಕಥೆ ಬೇರೆ, ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ತೊಂದರೆ ಅದು ಕುಗ್ಗುವುದು. ಮೀಟರಿಗೆ 3ರಿಂದ 5 ಸೆಂಟಿಮೀಟರ್ ಹೋಗಬಹುದು. ರಾತ್ರಿ ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿದ ಮೇಲೆಯೇ ಕತ್ತರಿ ಇಡಬೇಕು. ಲೈನಿಂಗ್ ಬಟ್ಟೆಗೂ ಇದೇ ನಿಯಮ. ಜಾರ್ಜೆಟ್ ಕುಗ್ಗದೆ ಒಳಗಿನ ಕಾಟನ್ ಕುಗ್ಗಿದರೆ ಮೊದಲ ಒಗೆತಕ್ಕೇ ಮೇಲ್ಬಟ್ಟೆ ಚೀಲದ ಹಾಗೆ ಜೋತುಬೀಳುತ್ತದೆ.

ಬ್ಲೌಸಿನಲ್ಲಿ ಹಿಂದಿನ ಕತ್ತು 9-10 ಇಂಚು ಆಳ ಕೇಳುತ್ತಾರೆ. ಕೇಳಲಿ, ಬೆನ್ನಿಗೆ ಗಾಳಿಯೂ ಆಡುತ್ತದೆ. ಮುಂದೆಯೂ ಆಳ, ಅಗಲವೂ ಜಾಸ್ತಿ ಮಾಡಿದರೆ ಮಾತ್ರ ಭುಜ ಜಾರುತ್ತದೆ. ಹಿಂದೆ ಆಳ ಇಟ್ಟಾಗ ಮುಂದೆ ಆರೂವರೆ ದಾಟಬಾರದು, ಕತ್ತಿನ ಅಗಲ ಎರಡೂ ಕಡೆ ಮಾಮೂಲಿಗಿಂತ ಕಾಲು ಇಂಚು ಕಡಿಮೆ ಇರಬೇಕು. ರೇಷ್ಮೆ ಬ್ಲೌಸನ್ನು ಬಿಗಿಯಾಗಿ ಹೊಲಿದರೆ ಕಂಕುಳ ಹಿಂಭಾಗದಲ್ಲಿ ಎಳೆಗಳು ಹೊಲಿಗೆಯಿಂದ ಸರಿದು ಬಾಯಿ ಬಿಡುತ್ತವೆ. ಲೈನಿಂಗನ್ನು ಕೂದಲೆಳೆಯಷ್ಟು ಚಿಕ್ಕದಾಗಿ ಕತ್ತರಿಸಿದರೆ ಎಳೆತ ಅದರ ಮೇಲೆ ಬೀಳುತ್ತದೆ, ರೇಷ್ಮೆ ಉಳಿಯುತ್ತದೆ. ಒಳಗೆ ಪಕ್ಕಕ್ಕೆ ಒಂದೂವರೆ ಇಂಚು ಬಟ್ಟೆ ಬಿಡುವುದನ್ನು ಮರೆಯಬೇಡಿ. ವರ್ಷದ ಮೇಲೆ ಬಿಡಿಸಿ ಕೊಡಬಹುದು.

ಟೊಮೆಟೊ ಬಿಡಿಸುವ ಹೆಂಗಸರು ಸೀರೆ ಮೇಲೆ ಗಂಡನ ಹಳೆ ಶರ್ಟು ಹಾಕುತ್ತಾರೆ. ಭುಜ ಜಾರುತ್ತದೆ, ಕಫ್ ಬೆರಳಿನ ತನಕ ಬರುತ್ತದೆ. ಅವರ ಅಳತೆಗೇ ಪಾಪ್ಲಿನ್‌ನಲ್ಲಿ ಹೊಲಿಯಲು ಎರಡೂಕಾಲು ಮೀಟರ್ ಸಾಕು. ಕಾಲರನ್ನು ಕತ್ತಿನ ಹಿಂದೆ ಎತ್ತಿ ನಿಲ್ಲಿಸುವಷ್ಟು ಅಗಲ ಇಡುತ್ತೇನೆ, ಬಣ್ಣ ಕಡು ಹಸಿರು ಅಥವಾ ಕಂದು, ಯಾಕೆಂದರೆ ಟೊಮೆಟೊ ಎಲೆಯ ಅಂಟು ಹಳದಿ-ಹಸಿರು ಕಲೆಯಾಗಿ ಕೂತರೆ ಹೋಗುವುದು ಕಷ್ಟ. ಎದೆಯ ಜೇಬಿನಿಂದ ಬಗ್ಗಿದಾಗ ಫೋನು ಬೀಳುತ್ತದೆ, ಅದಕ್ಕೆ ಮುಚ್ಚಳ, ಗುಂಡಿ. ಚೆಂದ ಬೇಕೆಂದವರಿಗೆ ಕಾಲರಿನ ಅಂಚಿಗೆ ಬೇರೆ ಬಣ್ಣದ ಪೈಪಿಂಗ್ ಕೊಡುತ್ತೇನೆ. ಬೇಡ ಅಂದವರು ಕಡಿಮೆ. ಔಷಧಿ ಹೊಡೆದ ದಿನ ಈ ಅಂಗಿಯನ್ನು ಮನೆಬಟ್ಟೆ ಜೊತೆ ನೆನೆಹಾಕದೆ ಬೇರೆ ಒಗೆಯಬೇಕು.

ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡುವಾಗ ಕನ್ನಡಿ ಮುಂದೆ ನೆಟ್ಟಗೆ ನಿಲ್ಲಿಸಿದರೆ ಏನೂ ಗೊತ್ತಾಗುವುದಿಲ್ಲ. ಕೈ ಎತ್ತಿಸಿ, ಕುಕ್ಕರಗಾಲಲ್ಲಿ ಕೂರಿಸಿ, ನೆಲದ ವಸ್ತು ಎತ್ತಿಸಿ. ಕೈ ಎತ್ತಿದಾಗ ಕೆಳಅಂಚು 2 ಇಂಚಿಗಿಂತ ಹೆಚ್ಚು ಎದ್ದರೆ ತೋಳು ಬಿಚ್ಚಿ ಕ್ಯಾಪ್ ಇನ್ನಷ್ಟು ತಗ್ಗಿಸಬೇಕು. ಕೊಡೆಯ ಹಾಗೆ ಕೆಳಗೆ ಹರಡುವ ಅಂಬ್ರೆಲಾ ಕಟ್ ಆದರೆ ಕೆಳಅಂಚನ್ನು ಅಂದೇ ಮಡಚಬೇಡಿ. ಓರೆ ಎಳೆಯ ಬಟ್ಟೆ ತನ್ನ ಭಾರಕ್ಕೇ ಇಳಿಯುತ್ತದೆ, ಒಂದು ದಿನ ಹ್ಯಾಂಗರಿಗೆ ತೂಗುಹಾಕಿ, ಮರುದಿನ ನೆಲದಿಂದ ಸ್ಕೇಲು ಹಿಡಿದು ಸುತ್ತ ಗುರುತು ಹಾಕಿ ಕತ್ತರಿಸಿ.